ಹೊಂಡ, ಕೆರೆ, ಹೊಳೆ, ಕಾಡು: ಬಸ್ಸಿನಿಂದ ಇಳಿದು ನೋಡಬೇಕಾದ ನಾಲ್ಕು ತಾಲ್ಲೂಕುಗಳು

ಡಿಸೆಂಬರ್ ಹತ್ತಿರ ಬಂದಂತೆ ಶಾಲೆಗಳಲ್ಲಿ ಪ್ರವಾಸದ ಸುದ್ದಿ ಶುರುವಾಗುತ್ತದೆ. ಮೈಸೂರೋ, ಹಂಪಿಯೋ, ಬೇಲೂರು-ಹಳೇಬೀಡೋ ಎಂಬ ಚರ್ಚೆ ಮಕ್ಕಳಲ್ಲಿ ನಡೆದರೆ, ತಲೆಗೆ ಎಷ್ಟು ಹಣ ಎಂಬ ಲೆಕ್ಕ ಮನೆಯಲ್ಲಿ ನಡೆಯುತ್ತದೆ. ದೂರದ ಊರುಗಳನ್ನು ನೋಡುವುದು ಒಳ್ಳೆಯದೇ. ಆದರೆ ಹುಟ್ಟಿ ಬೆಳೆದ ಊರಿನಿಂದ ಒಂದು ಗಂಟೆಯ ಹಾದಿಯಲ್ಲಿ ಇರುವುದನ್ನು ಎಷ್ಟು ಮಕ್ಕಳು ನೋಡಿದ್ದಾರೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳು. ಇಲ್ಲಿನ ಬಸ್ ನಿಲ್ದಾಣಗಳಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತು ನೋಡಿದರೆ ಊರಿನ ಬದುಕು ಅರ್ಥವಾಗುತ್ತದೆ. ಬ್ಯಾಗು ಹೆಗಲಿಗೇರಿಸಿದ ಹುಡುಗ ಹುಡುಗಿಯರು, ನೌಕರರು, ಆಸ್ಪತ್ರೆಗೆ ಹೊರಟವರು ಎಲ್ಲರೂ ದಾವಣಗೆರೆ ಅಥವಾ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿರುತ್ತಾರೆ. ಹೋಗುವಾಗ ಪುಸ್ತಕದಲ್ಲಿ ಕಣ್ಣು, ಬರುವಾಗ ನಿದ್ದೆ. ಕಿಟಕಿಯಾಚೆ ಹಾದುಹೋಗುವ ಗುಡ್ಡ, ಕೆರೆ, ಮಂಟಪ ಯಾವುದೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. 'ನಮ್ಮ ಕಡೆ ನೋಡೋಕೆ ಏನಿದೆ?' ಎಂಬ ಮಾತು ಮಾತ್ರ ಸುಲಭವಾಗಿ ಬರುತ್ತದೆ.

ಇರುವುದು ಬಹಳ. ಈ ಪೈಕಿ ಬಹುಪಾಲು ತಾಣಗಳು ನೀರಿಗೆ ಸಂಬಂಧಪಟ್ಟವು ಎಂಬುದು ಇನ್ನೊಂದು ವಿಶೇಷ. ಒಂದು ಕಡೆ ನೀರನ್ನು ಚೆಂದಕ್ಕಾಗಿ ಕಟ್ಟಿದ್ದಾರೆ, ಇನ್ನೊಂದು ಕಡೆ ಅನ್ನಕ್ಕಾಗಿ ಕಟ್ಟಿದ್ದಾರೆ, ಮತ್ತೊಂದು ಕಡೆ ಅದು ತಾನಾಗಿಯೇ ಹರಿಯುತ್ತದೆ, ಕೊನೆಯ ಊರಿನಲ್ಲಿ ಅದಕ್ಕಾಗಿ ಕಾಯ್ದು ಕುಳಿತಿದ್ದಾರೆ. ಈ ಕ್ರಮದಲ್ಲಿಯೇ ನೋಡುತ್ತಾ ಹೋಗೋಣ.

ಜಿಲ್ಲೆಯ ಬಗ್ಗೆ ಎರಡು ಮಾತು

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಭಾಗ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಹೀಗಾಗಿ ಈ ನಾಲ್ಕು ಊರುಗಳ ಮಾತಿನ ಧಾಟಿ, ಊಟ, ಬೆಳೆ ಒಂದೇ ತೆರನಾಗಿಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟದ ತಂಪು, ಹೊನ್ನಾಳಿಯ ಹೊಳೆದಂಡೆಯಲ್ಲಿ ಭತ್ತದ ಹಸಿರು, ನ್ಯಾಮತಿಯಲ್ಲಿ ಮಲೆನಾಡಿನ ಸೆರಗು, ಜಗಳೂರಿನಲ್ಲಿ ಬಿಸಿಲು ಮತ್ತು ಮಳೆಯನ್ನೇ ನಂಬಿದ ಹೊಲ. ಒಂದೇ ಜಿಲ್ಲೆಯಲ್ಲಿ ಕರ್ನಾಟಕದ ಭೂಗೋಳ ಪಾಠವೆಲ್ಲ ಇದೆ ಎಂದರೂ ಸಲ್ಲುತ್ತದೆ.

ಸಂತೇಬೆನ್ನೂರಿನ ಹೊಂಡ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ದಾವಣಗೆರೆಯಿಂದ ನೇರ ಬಸ್ಸುಗಳಿವೆ. ಸಂತೆ, ಅಂಗಡಿ, ಮನೆಗಳ ನಡುವೆ ನಡೆದು ಹೋಗುವವರಿಗೆ ಇಲ್ಲೊಂದು ಅದ್ಭುತ ಇದೆಯೆಂಬ ಸುಳಿವೇ ಸಿಗುವುದಿಲ್ಲ. ಆವರಣದ ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಚೌಕಾಕಾರದ ವಿಶಾಲ ಪುಷ್ಕರಣಿ. ನಾಲ್ಕೂ ಕಡೆಯಿಂದ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ನಟ್ಟನಡುವೆ ನೀರಿನಲ್ಲಿ ಎದ್ದು ನಿಂತ ವಸಂತ ಮಂಟಪ. ಸುತ್ತ ದಿಕ್ಕುದಿಕ್ಕಿಗೆ ಪುಟ್ಟ ಮಂಟಪಗಳು. ಬೆಳಗಿನ ಹೊತ್ತು ಗಾಳಿ ನಿಂತಾಗ ಮಂಟಪದ ನೆರಳು ನೀರಿನಲ್ಲಿ ತಲೆಕೆಳಗಾಗಿ ಮೂಡುವುದನ್ನು ನೋಡಿಯೇ ತಿಳಿಯಬೇಕು.

ಇದನ್ನು 16ನೇ ಶತಮಾನದಲ್ಲಿ ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಎಂದು ಹೇಳುತ್ತಾರೆ. ಈ ವಂಶ ಸಂತೇಬೆನ್ನೂರು, ಬಸವಾಪಟ್ಟಣಗಳಿಂದ ಆಳಿ, ಮುಂದೆ ತರೀಕೆರೆಗೆ ನೆಲೆ ಬದಲಿಸಿತು. ವಸಂತ ಮಂಟಪವನ್ನು ಗಮನವಿಟ್ಟು ನೋಡಿ. ಕೆಳಗಿನ ಕಂಬ, ಚಾವಣಿಗಳಲ್ಲಿ ದೇವಸ್ಥಾನದ ಕಲ್ಲುಕೆಲಸದ ರೀತಿ ಕಂಡರೆ, ಮೇಲಿನ ಅಂತಸ್ತು, ಕಮಾನುಗಳಲ್ಲಿ ಬಿಜಾಪುರದ ಕಡೆಯ ರೀತಿ ಕಾಣುತ್ತದೆ. ಎರಡು ಶೈಲಿಗಳು ಎಲ್ಲಿ ಕೂಡುತ್ತವೆ ಎಂದು ಮಕ್ಕಳಿಗೆ ಹುಡುಕಲು ಹೇಳಿ. ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ.

ಪುಷ್ಕರಣಿಯ ದಂಡೆಯಲ್ಲೇ ಮುಸಾಫಿರ್‌ಖಾನಾ ಎಂಬ ದೊಡ್ಡ ಕಟ್ಟಡವಿದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 1637ರ ಸುಮಾರಿಗೆ ಈ ಸೀಮೆಯ ಮೇಲೆ ದಂಡೆತ್ತಿ ಬಂದಾಗ ಇಲ್ಲಿದ್ದ ರಂಗನಾಥ ದೇವಾಲಯವನ್ನು ಕೆಡವಿಸಿ ಇದನ್ನು ಕಟ್ಟಿಸಿದ. ಆಮೇಲೆ ನಾಯಕರು ಸೇಡು ತೀರಿಸಿಕೊಂಡರು ಎಂದು ಊರಿನ ಇತಿಹಾಸ ಹೇಳುತ್ತದೆ. ಇಷ್ಟಾದರೂ ಹೊಂಡ ಉಳಿಯಿತು, ಮುಸಾಫಿರ್‌ಖಾನಾವೂ ಉಳಿಯಿತು. ಈಗ ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಇತಿಹಾಸದ ಪುಸ್ತಕದಲ್ಲಿ ಯುದ್ಧ ಒಂದು ಸಾಲಿನಲ್ಲಿ ಮುಗಿಯುತ್ತದೆ. ಊರಿನವರು ಅದರ ಗುರುತುಗಳ ಜೊತೆಗೇ ನಾನೂರು ವರ್ಷ ಬದುಕಿದ್ದಾರೆ ಎಂಬುದು ಇಲ್ಲಿ ನಿಂತಾಗ ಮನಸ್ಸಿಗೆ ಬರುತ್ತದೆ.

ಸೂಳೆಕೆರೆ: ಹೆಸರಿಗೆ ನಾಚಬೇಕಿಲ್ಲ

ಅದೇ ತಾಲ್ಲೂಕಿನಲ್ಲಿ, ಸಂತೇಬೆನ್ನೂರಿಗೆ ದೂರವೇನೂ ಅಲ್ಲದ ಕಡೆ, ಸೂಳೆಕೆರೆ ಇದೆ. ಸರ್ಕಾರಿ ಕಾಗದಗಳಲ್ಲಿ ಇದು ಶಾಂತಿಸಾಗರ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂಬ ಹೆಗ್ಗಳಿಕೆ ಇಲ್ಲಿನ ಜನರ ಬಾಯಲ್ಲಿದೆ. ಆ ಲೆಕ್ಕ ಹೇಗೇ ಇರಲಿ, ಏರಿಯ ಮೇಲೆ ನಿಂತವರಿಗೆ ಆಚೆಯ ದಡ ಮಸುಕುಮಸುಕಾಗಿ ಮಾತ್ರ ಕಾಣುತ್ತದೆ. ನೀರು ನಿಲ್ಲುವ ಪ್ರದೇಶ ಸುಮಾರು 6,500 ಎಕರೆ. ಮಳೆ ನೀರು ಹರಿದು ಬರುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರ್.

ಇಷ್ಟು ದೊಡ್ಡ ಕೆರೆಗೆ ಏರಿ ಎಷ್ಟು ಉದ್ದವಿರಬೇಕು? ಇಲ್ಲಿಯೇ ಕಟ್ಟಿದವರ ಜಾಣ್ಮೆ ಇರುವುದು. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಹರಿದು ಹೋಗುತ್ತಿತ್ತು. ಆ ಬಾಗಿಲಿಗೆ ಮಾತ್ರ ಅಡ್ಡವಾಗಿ ಏರಿ ಹಾಕಿದರು. ಉಳಿದ ಗೋಡೆಯ ಕೆಲಸವನ್ನು ಗುಡ್ಡಗಳೇ ಮಾಡಿದವು. ಉದ್ದ ಕಡಿಮೆ, ಆದರೆ ಅಗಲ, ಎತ್ತರ ಮತ್ತು ಗಟ್ಟಿತನದಲ್ಲಿ ಏರಿ ಅಸಾಧಾರಣ. 11-12ನೇ ಶತಮಾನದ್ದೆಂದು ಹೇಳುವ ಈ ಏರಿ ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ನೀರಿನ ಒತ್ತಡ ತಡೆದು ನಿಂತಿದೆ. ಗದ್ದೆಗಳಿಗೆ ನೀರು ಬಿಡಲು ಎರಡು ತೂಬುಗಳಿವೆ. ಒಂದು ಸಿದ್ದನ ತೂಬು, ಇನ್ನೊಂದು ಬಸವನ ತೂಬು. ಪಕ್ಕದಲ್ಲಿ ಸಿದ್ಧೇಶ್ವರನ ಗುಡಿಯಿದೆ. ಈಗ ಭದ್ರಾ ನಾಲೆಯ ನೀರೂ ಕೆರೆಗೆ ಬರುತ್ತದೆ. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಹೋಗುವುದೂ ಇಲ್ಲಿಂದ.

ಇನ್ನು ಹೆಸರಿನ ವಿಷಯ. ಮಕ್ಕಳ ಮುಂದೆ ಈ ಹೆಸರು ಹೇಳಲು ಕೆಲವು ತಾಯಿ ತಂದೆಯರು ಮುಜುಗರಪಡುತ್ತಾರೆ. ಆದರೆ ಜನ ಹೇಳುವ ಕಥೆ ಕೇಳಿದರೆ ಮುಜುಗರ ಹೋಗುತ್ತದೆ. ಕಥೆಗೆ ಹಲವು ಪಾಠಗಳಿವೆ. ಎಲ್ಲದರಲ್ಲೂ ಶಾಂತವ್ವ ಎಂಬ ರಾಜಕುಮಾರಿ ಇದ್ದಾಳೆ. ಸ್ವರ್ಗಾವತಿ ಎಂಬ ಪಟ್ಟಣದ ದೊರೆ ವಿಕ್ರಮರಾಯನ ಮಗಳು ಅವಳು. ತಂದೆಯೇ ಅವಳ ಶೀಲದ ಮೇಲೆ ಅಪವಾದ ಹೊರಿಸಿದ. ಅದರಿಂದ ನೊಂದ ಅವಳು ಊರಿಗೆ ಉಪಕಾರವಾಗುವಂತೆ ಕೆರೆ ಕಟ್ಟಿಸಲು ಹೊರಟಳು. ಬೇಕಾದ ನೆಲ ಸೂಳೆಯರ ವಶದಲ್ಲಿತ್ತು. ಕೆರೆಗೆ ತಮ್ಮ ಹೆಸರು ಇಡುವುದಾದರೆ ನೆಲ ಕೊಡುತ್ತೇವೆ ಎಂದು ಅವರು ಷರತ್ತು ಹಾಕಿದರು. ಅವಳು ಒಪ್ಪಿದಳು. ಕೆರೆ ತುಂಬಿದಾಗ ಸ್ವರ್ಗಾವತಿ ಪಟ್ಟಣವೇ ನೀರಿನಲ್ಲಿ ಮುಳುಗಿತು.

ಇದು ಕಥೆ, ಶಾಸನವಲ್ಲ. ಆದರೆ ಕೆರೆ ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು, ನೆಲ ಕೊಟ್ಟವರೂ ಹೆಣ್ಣುಮಕ್ಕಳು ಎಂದು ಶತಮಾನಗಳಿಂದ ಜನ ನೆನಪಿಟ್ಟುಕೊಂಡಿರುವುದು ಸಣ್ಣ ಮಾತಲ್ಲ. ಸಮಾಜ ಯಾರನ್ನು ಕೀಳಾಗಿ ಕಂಡಿತೋ ಅವರು ಬೇಡಿದ್ದು ಹಣವನ್ನಲ್ಲ, ಹೆಸರನ್ನು. ಶಾಂತಿಸಾಗರ ಎಂಬ ಹೊಸ ಹೆಸರಿನಲ್ಲಿ ಶಾಂತವ್ವ ಉಳಿದಿದ್ದಾಳೆ. ಹಳೆಯ ಹೆಸರಿನಲ್ಲಿ ಕೊಟ್ಟ ಮಾತು ಉಳಿದಿದೆ. ಎರಡನ್ನೂ ಮಕ್ಕಳಿಗೆ ಹೇಳಬಹುದು.

ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಕೆರೆಯ ತಳದಲ್ಲಿ ಹೂಳು ತುಂಬುತ್ತಿದೆ, ಅಂಚಿನಲ್ಲಿ ಒತ್ತುವರಿಯ ದೂರುಗಳಿವೆ. ಕಟ್ಟಿದವರ ಕಾಲದಲ್ಲಿ ಹೂಳೆತ್ತುವುದು ಊರಿನ ಕೆಲಸವಾಗಿತ್ತು, ಇಂದು ಅದು ಅರ್ಜಿ ಬರೆಯುವ ಕೆಲಸವಾಗಿದೆ. ಮುಂದೆ ಈ ಕೆರೆಯ ನೀರು ಕುಡಿಯಬೇಕಾದವರು ಇಂದಿನ ಮಕ್ಕಳೇ ಆದ್ದರಿಂದ ಅವರು ಒಮ್ಮೆಯಾದರೂ ಏರಿಯ ಮೇಲೆ ನಡೆದಿರಬೇಕು.

ಚನ್ನಗಿರಿ: ಕೋಟೆ, ಅಡಿಕೆ ಮತ್ತು ಒಂದು ಸಮಾಧಿ

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ. 17ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಈಕೆ, ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಧೀರೆ. ಊರಿನ ತಲೆಯ ಮೇಲೆ ನಿಂತ ಗುಡ್ಡದಲ್ಲಿ ಕೋಟೆಯಿದೆ, ಒಳಗೆ ರಂಗನಾಥಸ್ವಾಮಿಯ ಗುಡಿಯಿದೆ. ಹತ್ತುವುದು ಕಷ್ಟವೇನಲ್ಲ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಮೇಲಿರಬಹುದು. ಮೇಲಿನಿಂದ ಕಾಣುವುದು ಅಡಿಕೆ ತೋಟಗಳ ದಟ್ಟ ಹಸಿರು.

ಚನ್ನಗಿರಿಯ ನಾಡಿ ಮಿಡಿಯುವುದು ಅಡಿಕೆಯಲ್ಲೇ. ಕೊಯ್ಲಿನ ಕಾಲದಲ್ಲಿ ಹಳ್ಳಿಗಳ ಕಡೆ ಹೋದರೆ ಕೊನೆ ಇಳಿಸುವುದು, ಸುಲಿಯುವುದು, ದೊಡ್ಡ ಹಂಡೆಗಳಲ್ಲಿ ಬೇಯಿಸುವುದು, ಕೆಂಪಗೆ ಬಣ್ಣ ಕಟ್ಟಿದ ಅಡಿಕೆಯನ್ನು ಅಂಗಳದಲ್ಲಿ ಹರವುವುದು ಎಲ್ಲವೂ ನೋಡಸಿಗುತ್ತದೆ. ಖೇಣಿ, ರಾಶಿ, ಗೊರಬಲು ಮೊದಲಾದ ಮಾತುಗಳು ಇಲ್ಲಿ ಮಕ್ಕಳ ಬಾಯಲ್ಲೂ ಆಡುತ್ತವೆ. ಇಂದಿನ ದರ ಎಷ್ಟೆಂಬುದು ಬೆಳಗಿನ ಕುಶಲೋಪರಿಯ ಭಾಗ. ಬೆಳೆಗಾರರ ಸಹಕಾರ ಸಂಘ 'ತುಮ್ಕೋಸ್' ಈ ಭಾಗದಲ್ಲಿ ಮನೆಮಾತು. ವಾಣಿಜ್ಯ ಓದುವ ವಿದ್ಯಾರ್ಥಿಗಳಿಗೆ ಸಹಕಾರ ತತ್ವವೆಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ಒಂದು ಸಮಾಧಿಯಿದೆ. ನೋಡಲು ಸರಳ. ಆದರೆ ಅಲ್ಲಿ ಮಲಗಿರುವವರು ಛತ್ರಪತಿ ಶಿವಾಜಿಯ ತಂದೆ ಶಹಾಜಿ. ಬಿಜಾಪುರದ ಸೇವೆಯಲ್ಲಿದ್ದ ಶಹಾಜಿ ಬೆಂಗಳೂರನ್ನು ಜಹಗೀರಾಗಿ ಪಡೆದು ಕರ್ನಾಟಕದಲ್ಲೇ ನೆಲೆಸಿದ್ದರು. 1664ರಲ್ಲಿ ಇಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಸಂತೇಬೆನ್ನೂರಿನಲ್ಲಿ ನಾವು ಹೆಸರು ಕೇಳಿದ ರಣದುಲ್ಲಾ ಖಾನ್ ಕರ್ನಾಟಕದ ದಂಡಯಾತ್ರೆಗೆ ಬಂದಾಗ ಜೊತೆಯಲ್ಲಿದ್ದವರು ಇದೇ ಶಹಾಜಿ. ಒಬ್ಬರ ಗುರುತು ಹೊಂಡದ ದಂಡೆಯಲ್ಲಿ, ಇನ್ನೊಬ್ಬರ ಗುರುತು ಹೊದಿಗೆರೆಯಲ್ಲಿ. ಎರಡನ್ನೂ ಒಂದೇ ದಿನ ನೋಡಿದರೆ 17ನೇ ಶತಮಾನದ ಪಾಠ ಬೇರೆ ಬಾಯಿಪಾಠ ಮಾಡಬೇಕಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಹೆಸರೂ ಇದೇ ತಾಲ್ಲೂಕಿನಲ್ಲಿದೆ. ಕಾರಿಗನೂರು ಜೆ.ಎಚ್. ಪಟೇಲರ ಊರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದ ಅವರು ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲ ಸದಸ್ಯರೆಂದು ಹೆಸರಾದರು. 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದರು. ದಾವಣಗೆರೆ ಜಿಲ್ಲೆ ರಚನೆಯಾದದ್ದು ಅವರ ಅಧಿಕಾರದ ಕಾಲದಲ್ಲೇ. ಇಂಗ್ಲಿಷ್ ಬಾರದೆಂದು ಅಳುಕುವ ಹಳ್ಳಿಯ ವಿದ್ಯಾರ್ಥಿಗಳಿಗೆ ಕಾರಿಗನೂರಿನ ಹೆಸರು ಧೈರ್ಯ ಕೊಡಬಲ್ಲದು.

ಹೊನ್ನಾಳಿ: ಹೊಳೆಯ ಮಗ್ಗುಲಲ್ಲಿ

ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ತುಂಗಭದ್ರೆಯೆಂಬ ಹೆಸರು ಪಡೆದು ಉತ್ತರಕ್ಕೆ ಹರಿಯುತ್ತಾ ಬರುವ ದಾರಿಯಲ್ಲಿ ಸಿಗುವ ಊರು ಹೊನ್ನಾಳಿ. ಮಳೆಗಾಲದಲ್ಲಿ ಮಲೆನಾಡಿನ ಜಲಾಶಯಗಳು ತುಂಬಿ ನೀರು ಬಿಟ್ಟರೆ ಇಲ್ಲಿ ಹೊಳೆ ದಡ ಮೀರುತ್ತದೆ, ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ಬಂಡೆಗಳು ಬೆನ್ನು ತೋರಿಸುತ್ತವೆ. ಸೇತುವೆಯ ಮೇಲೆ ನಿಂತು ಆಗಸ್ಟಿನಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ನೋಡಿ. ಒಂದೇ ಹೊಳೆ ಎಂದು ನಂಬುವುದು ಕಷ್ಟ.

ಹೊಳೆಯ ದಂಡೆಯ ಹಿರೇಕಲ್ಮಠ ಮತ್ತು ರಾಘವೇಂದ್ರಸ್ವಾಮಿ ಮಠಗಳಿಗೆ ಸುತ್ತಲ ಜಿಲ್ಲೆಗಳ ಭಕ್ತರು ಬರುತ್ತಾರೆ. ಹೊನ್ನಾಳಿಯ ಹೆಸರಿನಲ್ಲಿರುವ 'ಹೊನ್ನು' ಬರಿಯ ಅಲಂಕಾರವಲ್ಲ. ಈಗ ನ್ಯಾಮತಿ ತಾಲ್ಲೂಕಿಗೆ ಸೇರಿರುವ ಕುದುರೆಕೊಂಡ, ಪಲವನಹಳ್ಳಿಗಳ ಕಡೆ 19ನೇ ಶತಮಾನದ ಕೊನೆಯಲ್ಲಿ ಚಿನ್ನಕ್ಕಾಗಿ ಶೋಧ ನಡೆದಿತ್ತು. ಕೋಲಾರದಷ್ಟು ಸಂಪತ್ತು ಇಲ್ಲಿ ಕೈಗೆ ಹತ್ತಲಿಲ್ಲ. ಹೊಳೆದಂಡೆಯ ಭತ್ತವೇ ಇಲ್ಲಿನ ನಿಜವಾದ ಹೊನ್ನಾಗಿ ಉಳಿಯಿತು.

ಊರಿಗೆ ಇನ್ನೊಂದು ನೆನಪಿದೆ. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆಯ ವಿರುದ್ಧ ದಂಗೆಯೆದ್ದಾಗ ಹೊನ್ನಾಳಿಯೂ ಕಾದಾಟದ ಕಣವಾಯಿತು. ಬೂದಿ ಬಸಪ್ಪನ ಹೆಸರಿನೊಂದಿಗೆ ಕೂಡಿಕೊಂಡಿರುವ ಈ ದಂಗೆಯನ್ನು ಸೈನ್ಯ ನಿರ್ದಯವಾಗಿ ಹತ್ತಿಕ್ಕಿತು. ಇದನ್ನೇ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಮೈಸೂರಿನ ಇತಿಹಾಸ ಅರಮನೆಯಲ್ಲಿ ಮಾತ್ರ ನಡೆಯಲಿಲ್ಲ, ಹೊಳೆದಂಡೆಯ ಹಳ್ಳಿಗಳಲ್ಲೂ ನಡೆಯಿತು.

ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬದ ಸಡಗರ. ವರ್ಷವಿಡೀ ಸಾಕಿ ಬೆಳೆಸಿದ ಹೋರಿಗೆ ಕೊಬ್ಬರಿ ಹಾರ, ಬಣ್ಣದ ಜೂಲು, ಬಲೂನು ಕಟ್ಟಿ ಅಖಾಡಕ್ಕೆ ಬಿಡುತ್ತಾರೆ. ಮೈಮೇಲಿನ ಕೊಬ್ಬರಿ ಹರಿದವರು ಗಂಡುಗಲಿಗಳು, ಯಾರ ಕೈಗೂ ಸಿಗದೆ ಓಡಿದ ಹೋರಿ ಊರಿನ ಹೆಮ್ಮೆ. ನೋಡಲು ರೋಮಾಂಚನ, ಆದರೆ ಅಪಾಯವೂ ಅಷ್ಟೇ ಇದೆ. ಹೋರಿ ತಿವಿದು ಜೀವ ಹೋದ ಸುದ್ದಿ ಪ್ರತಿ ವರ್ಷ ಎಲ್ಲಾದರೂ ಕೇಳಿಬರುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಮಾಳಿಗೆಯ ಮೇಲೋ, ಭದ್ರವಾದ ಬೇಲಿಯ ಹಿಂದೆಯೋ ನಿಲ್ಲುವುದು ಒಳಿತು.

ನ್ಯಾಮತಿ: ಬತ್ತದ ತೀರ್ಥ, ಸೇವಾಲಾಲರ ನೆಲ

ಮಲೆನಾಡಿನ ಸರಕು ಬಯಲುಸೀಮೆಗೆ ಇಳಿಯುವ ಹಾದಿಯಲ್ಲಿ ಬೆಳೆದ ವ್ಯಾಪಾರದ ಊರು ನ್ಯಾಮತಿ. ಪೇಟೆ ಚಿಕ್ಕದು, ಸುತ್ತಲ ನೆಲ ದೊಡ್ಡ ಕಥೆಗಳದ್ದು. 12-13ನೇ ಶತಮಾನಗಳಲ್ಲಿ ಸಿಂದ ಅರಸರ ಒಂದು ಶಾಖೆ ಬೆಳಗುತ್ತಿಯಿಂದ ಆಳಿತು. ಇಂದು ಅದು ಒಂದು ಸಾಧಾರಣ ಹಳ್ಳಿ. ಅದರ ಸಮೀಪದ ಗುಡ್ಡದಲ್ಲಿ ತೀರ್ಥರಾಮೇಶ್ವರ ಕ್ಷೇತ್ರವಿದೆ. ರಾಮ ಈ ದಾರಿಯಲ್ಲಿ ಬಂದಾಗ ಬಾಣ ಹೂಡಿ ನೀರು ತರಿಸಿದ ಎಂಬುದು ಸ್ಥಳಪುರಾಣ. ಬೇಸಿಗೆಯಲ್ಲೂ ಇಲ್ಲಿ ನೀರು ಬೀಳುತ್ತಲೇ ಇರುತ್ತದೆ. ಅದು ಕಾಶಿಯಿಂದ ಬರುತ್ತದೆ ಎಂದು ಹಿರಿಯರು ನಂಬಿಕೆಯಿಂದ ಹೇಳುತ್ತಾರೆ.

ವಿಜ್ಞಾನ ಓದುವ ಮಕ್ಕಳು ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಬಹುದು. ಗುಡ್ಡದ ಮೇಲಿನ ಮರ, ಹುಲ್ಲು, ಮಣ್ಣು ಮಳೆನೀರನ್ನು ಹೀರಿಕೊಂಡು, ಬಂಡೆಯ ಸೀಳುಗಳಲ್ಲಿ ನಿಧಾನವಾಗಿ ಇಳಿಸಿ, ಕೆಳಗೆ ಒರತೆಯಾಗಿ ಹೊರಗೆ ಬಿಡುತ್ತವೆ. ಕಾಡು ಹೋದರೆ ಒರತೆ ಉಳಿಯುವುದಿಲ್ಲ. ನಂಬಿಕೆ ಮತ್ತು ವಿಜ್ಞಾನ ಎರಡೂ ಇಲ್ಲಿ ಹೇಳುವುದು ಗುಡ್ಡವನ್ನು ಹಾಳು ಮಾಡಬೇಡಿ ಎಂದೇ. ಶ್ರಾವಣದಲ್ಲೂ ಶಿವರಾತ್ರಿಯಲ್ಲೂ ಜನಸಂದಣಿ ಇರುತ್ತದೆ. ಶಾಂತವಾಗಿ ನೋಡಬೇಕೆನ್ನುವವರು ಸಾಮಾನ್ಯ ದಿನ ಹೋಗಲಿ.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಪುಣ್ಯಭೂಮಿ. ಭಾಯಾಗಡ್ ಎಂದೂ ಕರೆಯುವ ಇದು ಸಂತ ಸೇವಾಲಾಲರ ಜನ್ಮಸ್ಥಳ. ಅವರ ಜನನ 1739ರ ಫೆಬ್ರುವರಿ 15. ಪ್ರತಿ ವರ್ಷ ಆ ದಿನದ ಆಸುಪಾಸಿನಲ್ಲಿ ಇಲ್ಲಿ ಜಯಂತಿ ಉತ್ಸವ ನಡೆಯುತ್ತದೆ. ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಬರುತ್ತಾರೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳ ಕಸೂತಿ ತೊಟ್ಟ ಅಜ್ಜಿಯರು, ಅಗ್ನಿಗೆ ಅರ್ಪಿಸುವ ಭೋಗ್, ನಗಾರಿಯ ಸದ್ದಿಗೆ ಹೆಜ್ಜೆ ಹಾಕುವ ಹೆಂಗಸರ ಗುಂಪು ಇವನ್ನೆಲ್ಲ ನೋಡಲು ಫೆಬ್ರುವರಿಯಲ್ಲೇ ಹೋಗಬೇಕು. ರೈಲು, ಲಾರಿ ಬರುವ ಮುಂಚೆ ಎತ್ತಿನ ಹಿಂಡುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದ ಉದ್ದಗಲಕ್ಕೆ ಸಾಗಿಸಿದವರು ಇವರ ಹಿರಿಯರು. ಅವರ ಭಾಷೆಗೆ ಸ್ವಂತ ಲಿಪಿಯಿಲ್ಲ. ಹಾಡಿನಲ್ಲಿ, ನೆನಪಿನಲ್ಲಿ ಉಳಿದು ಬಂದ ಇತಿಹಾಸ ಅದು.

ಜಗಳೂರು: ನೀರಿಗೆ ಕಾದ ಸೀಮೆ

ದಾವಣಗೆರೆಯಿಂದ ಈಗ ಈಶಾನ್ಯಕ್ಕೆ ತಿರುಗೋಣ. ಭದ್ರಾ ನಾಲೆಯ ಹಸಿರು ಹಿಂದೆ ಬಿದ್ದು, ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಹೊಲಗಳು ಶುರುವಾಗುತ್ತವೆ. ಬರದ ತಾಲ್ಲೂಕು ಎಂಬ ಹಣೆಪಟ್ಟಿ ಜಗಳೂರಿಗೆ ಅಂಟಿ ಎಷ್ಟೋ ದಶಕಗಳಾದವು. ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ನೀರು ಇನ್ನೂ ಆಳಕ್ಕೆ ಹೋಯಿತು. ಈ ಊರಿನ ಮಕ್ಕಳು ದಾವಣಗೆರೆಗೆ ಓದಲು ಹೋದರೆ, ಎಷ್ಟೋ ವರ್ಷ ಅವರ ತಾಯಿ ತಂದೆಯರು ಕೂಲಿ ಅರಸಿ ಬೇರೆ ಊರಿಗೆ ಹೋಗಬೇಕಾಯಿತು.

ಆದರೂ ಬರದ ಊರೆಂದು ಕಿಟಕಿ ಮುಚ್ಚಿಕೊಂಡು ಹೋಗುವವರು ಕಳೆದುಕೊಳ್ಳುವುದು ಹೆಚ್ಚು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವಾಯಿತು. ವಿಸ್ತಾರ ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಹುಲ್ಲೆ. ಲೋಕದಲ್ಲಿ ಎಷ್ಟೋ ಬಗೆಯ ಹುಲ್ಲೆಗಳಿದ್ದರೂ ನಾಲ್ಕು ಕೊಂಬು ಇರುವುದು ಇದೊಂದಕ್ಕೇ, ಅದೂ ಗಂಡಿಗೆ ಮಾತ್ರ. ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂಭಾಗದಲ್ಲಿ ಚಿಕ್ಕದಾದ ಇನ್ನೊಂದು ಜೊತೆ. ಎತ್ತರ ಎರಡಡಿಯ ಆಸುಪಾಸು. ಹಿಂಡು ಕಟ್ಟದ, ನಾಚಿಕೆ ಸ್ವಭಾವದ ಈ ಪ್ರಾಣಿ ಭಾರತ ಮತ್ತು ನೇಪಾಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇದು ಒಣ ಕಾಡಿನ ಪ್ರಾಣಿಯಾದರೂ ನೀರನ್ನು ಬಿಟ್ಟು ಬಹಳ ದೂರ ಇರಲಾರದು. ಆಗಾಗ ನೀರು ಕುಡಿಯಲೇಬೇಕು. ಆದ್ದರಿಂದ ಹಳ್ಳದ ಗುಂಡಿಗಳು ಬತ್ತಿದ ವರ್ಷ ರೈತನಿಗೆ ಎಷ್ಟು ಕಷ್ಟವೋ ಕೊಂಡುಕುರಿಗೂ ಅಷ್ಟೇ ಕಷ್ಟ. ಕಾಡಿಗೆ ಹೋಗುವವರು ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಹೋದ ಕೂಡಲೇ ಪ್ರಾಣಿ ಕಾಣುತ್ತದೆಂಬ ಭರವಸೆ ಯಾರೂ ಕೊಡಲಾರರು. ನವಿಲು, ಹೆಜ್ಜೆ ಗುರುತು, ಕುರುಚಲು ಗಿಡಗಳ ವಾಸನೆ ಸಿಕ್ಕರೂ ಹೋದದ್ದು ಸಾರ್ಥಕ.

ಜಾತ್ರೆ ನೋಡಬೇಕೆಂದರೆ ಕೊಡದಗುಡ್ಡಕ್ಕೆ ಹೋಗಿ. ಗುಡ್ಡದ ವೀರಭದ್ರಸ್ವಾಮಿಯ ತೇರು ಯುಗಾದಿಯ ಆಸುಪಾಸಿನಲ್ಲಿ ನಡೆಯುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಸುತ್ತಲ ಹಳ್ಳಿಗಳೇ ಅಲ್ಲಿಗೆ ನಡೆದು ಬರುತ್ತವೆ. ಸಿರಿಗೆರೆಯ ತರಳಬಾಳು ಮಠ ಪ್ರತಿ ವರ್ಷ ಒಂದೊಂದು ಊರಿನಲ್ಲಿ ನಡೆಸುವ ತರಳಬಾಳು ಹುಣ್ಣಿಮೆ ಮಹೋತ್ಸವಕ್ಕೂ ಜಗಳೂರಿಗೂ ಹಳೆಯ ನಂಟು. 1950ರಲ್ಲಿ ಅದು ಆರಂಭವಾದದ್ದೇ ಜಗಳೂರಿನಲ್ಲಿ.

ಇತ್ತೀಚಿನ ವರ್ಷಗಳಲ್ಲಿ ಈ ಸೀಮೆಯಲ್ಲಿ ಒಂದು ಬದಲಾವಣೆ ಕಾಣುತ್ತಿದೆ. ಹರಿಹರ ತಾಲ್ಲೂಕಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಈ ಭಾಗದ ಕೆರೆಗಳಿಗೆ ಹರಿಸುವ 57 ಕೆರೆಗಳ ಯೋಜನೆಯಿಂದ, ದನ ಮೇಯುತ್ತಿದ್ದ ಕೆರೆಯಂಗಳಗಳಿಗೆ ನೀರು ಬಂದಿದೆ. ಹೊನ್ನಾಳಿಯ ಸೇತುವೆಯ ಕೆಳಗೆ ಹರಿದ ಹೊಳೆಯೇ ಪೈಪಿನಲ್ಲಿ ಗುಡ್ಡ ಹತ್ತಿ ಜಗಳೂರಿಗೆ ಬರುತ್ತದೆ ಎಂದು ಮಕ್ಕಳಿಗೆ ಹೇಳಿ. ಸೂಳೆಕೆರೆಯಿಂದ ಹೊರಟ ಹರಿದ್ರೆ ಸೇರುವುದೂ ಹರಿಹರದ ಬಳಿ ಇದೇ ತುಂಗಭದ್ರೆಯನ್ನು. ನಕ್ಷೆಯಲ್ಲಿ ದೂರದೂರ ಕಾಣುವ ಊರುಗಳನ್ನು ಕೂಡಿಸಿರುವುದು ಒಂದೇ ಹೊಳೆ. ಮೇಲಿನವರು ನೀರನ್ನು ಕೆಡಿಸಿದರೆ ಕುಡಿಯುವವರು ಕೆಳಗಿನವರು. ಪೌರನೀತಿಯ ಈ ಪಾಠ ಯಾವ ಪರೀಕ್ಷೆಗೂ ಬಾರದಿದ್ದರೂ ಕಲಿಯಲೇಬೇಕಾದದ್ದು.

ಹೋಗುವವರಿಗೆ ಕೆಲವು ಮಾತು

ಈ ತಾಣಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸುವ ಹಠ ಬೇಡ. ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ಹೊದಿಗೆರೆ ಸೇರಿ ಒಂದು ಭಾನುವಾರ. ಹೊನ್ನಾಳಿ, ತೀರ್ಥರಾಮೇಶ್ವರ, ಸೂರಗೊಂಡನಕೊಪ್ಪಕ್ಕೆ ಇನ್ನೊಂದು. ಜಗಳೂರಿಗೆ ಮತ್ತೊಂದು. ತಾಲ್ಲೂಕು ಕೇಂದ್ರಗಳಿಗೆ ದಾವಣಗೆರೆಯಿಂದಲೂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೆ ಶಿವಮೊಗ್ಗದಿಂದಲೂ ಸರ್ಕಾರಿ ಮತ್ತು ಖಾಸಗಿ ಬಸ್ಸುಗಳು ಸಿಗುತ್ತವೆ. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಬಸ್ಸು ವಿರಳ. ನಾಲ್ಕಾರು ಮನೆಯವರು ಸೇರಿ ವಾಹನ ಮಾಡಿಕೊಂಡರೆ ಖರ್ಚೂ ಹಗುರ, ಮಕ್ಕಳಿಗೆ ಜೊತೆಯೂ ಆಯಿತು.

ಮಳೆಗಾಲ ಮುಗಿದು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಸುತ್ತಾಟಕ್ಕೆ ಒಳ್ಳೆಯ ಕಾಲ. ಬುತ್ತಿ ಕಟ್ಟಿಕೊಂಡು ಹೋಗುವುದು ಉತ್ತಮ. ಸಂಜೆ ಪೇಟೆಗೆ ಬಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಿಗದ ಊರು ಈ ಜಿಲ್ಲೆಯಲ್ಲಿಲ್ಲ. ಕುಡಿಯುವ ನೀರು ಜೊತೆಗಿರಲಿ, ಖಾಲಿ ಬಾಟಲಿಯೂ ನಿಮ್ಮ ಜೊತೆಯೇ ಮನೆಗೆ ವಾಪಸಾಗಲಿ. ಪುಷ್ಕರಣಿಯ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಸೂಳೆಕೆರೆಯಲ್ಲಿ, ಹೊಳೆಯಲ್ಲಿ ಈಜುವ ಸಾಹಸ ಬೇಡವೇ ಬೇಡ. ಕಲ್ಲಿನ ಮೇಲೆ ಹೆಸರು ಕೆತ್ತುವ ಚಟ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಶಿಕ್ಷಕರಿಗೆ ಒಂದು ಸಲಹೆ. ಮಕ್ಕಳ ಕೈಗೆ ಒಂದು ನೋಟ್ ಪುಸ್ತಕ ಕೊಡಿ. ಹೊಂಡದ ಮೆಟ್ಟಿಲು ಎಣಿಸಲಿ, ಏರಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯಲಿ, ಊರಿನ ಹಿರಿಯರೊಬ್ಬರಿಂದ ಶಾಂತವ್ವನ ಕಥೆ ಕೇಳಿ ಬರೆದುಕೊಳ್ಳಲಿ. ನಾಲ್ವರು ಹಿರಿಯರು ನಾಲ್ಕು ರೀತಿ ಹೇಳಿದರೆ ಇನ್ನೂ ಒಳ್ಳೆಯದು. ಮರುದಿನ ತರಗತಿಯಲ್ಲಿ ಚರ್ಚೆಗೆ ವಿಷಯ ಸಿಕ್ಕಿತು. ಆಮೇಲೆ ಮೈಸೂರಿಗೂ ಹೋಗಲಿ, ಹಂಪಿಗೂ ಹೋಗಲಿ. ಅಲ್ಲಿ ಯಾರಾದರೂ ನಿಮ್ಮ ಕಡೆ ಏನಿದೆ ಎಂದು ಕೇಳಿದರೆ ಹೇಳಲು ಮಾತು ಇರುತ್ತದೆ.